ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಕಪ್ಪು ಸ್ಕ್ರೀನು, ಕಾಣದ ವೈಫೈ, ಮೊಂಡು ಬ್ಲೂಟೂತು

ಲ್ಯಾಪ್‌ಟಾಪ್ ನಮ್ಮಕ್ಕನ ಮಗಳದ್ದು. ಇಂಟೆಲ್ 4ನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗೋ ಹಾರ್ಡ್‌ಡಿಸ್ಕ್. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ವ್ಯವಸ್ಥೆ ಇರಬೇಕು. ಇದರಲ್ಲಿ ಎರಡೂ ಇಲ್ಲ. ಬಿ.ಕಾಂ. ಓದೋ ಹುಡುಗಿಗೆ ಬೇಕಿರೋದು ಬ್ರೌಸರ್, ಎಕ್ಸೆಲ್ ಫೈಲ್ ತೆಗೆಯೋಕೆ ಏನಾದರೊಂದು, ಕನ್ನಡ ಟೈಪಿಂಗು. ಅಷ್ಟಕ್ಕೆ ಹೊಸ ಲ್ಯಾಪ್‌ಟಾಪ್ ಯಾಕೆ? ವಿಂಡೋಸ್ ಬದಲಿಗೆ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕೋಣ ಅಂತ ತೀರ್ಮಾನವಾಯಿತು. ಇದು ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ನಿಂತಿದೆ, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ.

ಮೊದಲು ಪಾರ್ಟುಗಳು. ಬೆಂಗಳೂರಿನ ಎಸ್.ಪಿ. ರೋಡಿಂದ 240 ಜಿಬಿ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ತಂದೆ. ರ‍್ಯಾಮ್ ಚೀಟಿಯ ಮೇಲೆ ಡಿಡಿಆರ್3 ಆದಮೇಲೆ ಒಂದು ‘ಎಲ್’ ಇದೆಯಾ ನೋಡಿ ತನ್ನಿ. ಎಲ್ ಇದ್ದರೆ 1.35 ವೋಲ್ಟಿನದು. ಇದೇ ಕಾಲದ ತೆಳ್ಳನೆ ಲ್ಯಾಪ್‌ಟಾಪುಗಳು 1.5 ವೋಲ್ಟಿನ ಸಾದಾ ಡಿಡಿಆರ್3 ಹಾಕಿದರೆ ಸಾಮಾನ್ಯವಾಗಿ ಆನೇ ಆಗಲ್ಲ. ಹಳೆ ಹಾರ್ಡ್‌ಡಿಸ್ಕನ್ನು ಒರೆಸಲಿಲ್ಲ, ಹಾಗೇ ತೆಗೆದಿಟ್ಟೆ. ಅದು ಮುಂದೆ ಕೆಲಸಕ್ಕೆ ಬಂತು.

ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ, ಅಕ್ಷರ ಬಿಡಿಸಿ ಅಥವಾ ಉಚ್ಚಾರದಂತೆ ಬರೆದಿದ್ದೇನೆ. ನೀವು ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ.

ಸ್ಕ್ರೀನ್ ಕಪ್ಪು

ಮಿಂಟ್ ಬರೆದಿಟ್ಟ ಪೆನ್‌ಡ್ರೈವಿಂದ ಬೂಟ್ ಮಾಡಿದೆ. ಮಿಂಟ್ ಮೆನು ಬಂತು, ಮೊದಲ ಆಯ್ಕೆಗೆ ಎಂಟರ್ ಒತ್ತಿದೆ. ಲೋಗೋ ಒಂದು ಕ್ಷಣ ಮಿಂಚಿ ಸ್ಕ್ರೀನ್ ಪೂರ್ತಿ ಕಪ್ಪಾಯಿತು. ಫ್ಯಾನ್ ತಿರುಗುತ್ತಿದೆ, ಕ್ಯಾಪ್ಸ್‌ಲಾಕ್ ಒತ್ತಿದರೆ ದೀಪ ಹತ್ತಿ ಆರುತ್ತದೆ. ಅಂದರೆ ಯಂತ್ರ ಬದುಕಿದೆ, ಚಿತ್ರ ಮಾತ್ರ ಇಲ್ಲ.

ಮಿಂಟ್ ಮೆನುವಿನಲ್ಲಿ ಎರಡನೆಯದು ಕಂಪ್ಯಾಟಿಬಿಲಿಟಿ ಮೋಡ್. ಅದರಲ್ಲಿ ಸ್ಕ್ರೀನ್ ಸರಿಯಾಗಿ ಬಂತು. ತುಂಬ ಜನ ಇಲ್ಲಿಗೇ ನಿಲ್ಲಿಸಿ ಇನ್‌ಸ್ಟಾಲ್ ಒತ್ತಿಬಿಡುತ್ತಾರೆ. ಆಮೇಲೆ ಬ್ರೈಟ್‌ನೆಸ್ ಬದಲಾಗಲ್ಲ, ಯೂಟ್ಯೂಬ್ ಎಳೆದಾಡುತ್ತೆ ಅಂತ ಗೋಳು. ಕಂಪ್ಯಾಟಿಬಿಲಿಟಿ ಮೋಡ್ ಮಾಡೋದು ಮುಖ್ಯವಾಗಿ ಒಂದೇ ಕೆಲಸ: ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ‘ನೋಮೋಡ್‌ಸೆಟ್’ ಅಂತ ಹೇಳುತ್ತದೆ. ಅಂದರೆ ಗ್ರಾಫಿಕ್ಸ್ ಡ್ರೈವರ್ ಕೆಲಸ ಶುರು ಮಾಡುವುದೇ ಇಲ್ಲ. ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮು) ಕೊಟ್ಟ ಫ್ರೇಮ್‌ಬಫರ್ ಅನ್ನೋ ಮೆಮೊರಿ ಜಾಗದ ಮೇಲೆ ಚಿತ್ರ ಬರೆಯುತ್ತೆ, ವೀಡಿಯೋ ಲೆಕ್ಕವೆಲ್ಲ ಸಿಪಿಯು ತಲೆಗೆ ಬೀಳುತ್ತೆ. ಕಾಯಿಲೆ ಏನು ಅಂತ ಗೊತ್ತಾಗುವವರೆಗೆ ಇಟ್ಟುಕೊಳ್ಳೋಕೆ ಅಡ್ಡಿಯಿಲ್ಲ, ಕೊನೆತನಕ ಇಟ್ಟುಕೊಳ್ಳೋದಲ್ಲ.

ಇದರೊಳಗೆ ಇರುವ ಗ್ರಾಫಿಕ್ಸ್ ಚಿಪ್ ಇಂಟೆಲ್ ಎಚ್‌ಡಿ 4400. ಚಿಪ್ಪಿನ ನಂಬರ್ 8086:0ಎ16 (ಇದರ ಅರ್ಥ ಮುಂದೆ ಬರುತ್ತದೆ). ಡ್ರೈವರ್ ಐ915, ಕರ್ನಲ್‌ನಲ್ಲೇ ಇದೆ, ಹಳೆಯದು, ಪಳಗಿದ್ದು. ಇದಕ್ಕೆ ಕೆಡುವ ಕಾರಣ ನನಗೆ ಹೊಳೆಯಲಿಲ್ಲ. ಹಾಗಾಗಿ ಮತ್ತೆ ಮೊದಲ ಆಯ್ಕೆಯಲ್ಲಿ ಬೂಟ್ ಮಾಡಿ, ಸ್ಕ್ರೀನ್ ಕಪ್ಪಾದ ಮೇಲೆ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ, ಹೆಚ್ಚುಕಡಿಮೆ ತಾಗಿಸಿ ಹಿಡಿದೆ. ಡೆಸ್ಕ್‌ಟಾಪ್ ಕಾಣಿಸಿತು! ತೀರ ಮಸುಕು, ಆದರೆ ಎಡಗಡೆ ‘ಇನ್‌ಸ್ಟಾಲ್’ ಐಕಾನು, ಕೆಳಗೆ ಪ್ಯಾನಲ್ಲು, ಮೂಲೆಯಲ್ಲಿ ಗಡಿಯಾರ ಎಲ್ಲ ಇದೆ. ಗ್ರಾಫಿಕ್ಸ್ ಡ್ರೈವರ್ ತನ್ನ ಕೆಲಸ ಮಾಡಿ ಮುಗಿಸಿದೆ. ಹಿಂದಿನ ದೀಪ, ಬ್ಯಾಕ್‌ಲೈಟ್, ಹತ್ತಿಲ್ಲ.

ಇದು ಪೂರ್ತಿ ಬೇರೆ ಸಮಸ್ಯೆ ಅಲ್ವಾ? ಬ್ಯಾಕ್‌ಲೈಟನ್ನು ಹತೋಟಿ ಮಾಡೋಕೆ ಲ್ಯಾಪ್‌ಟಾಪಿನಲ್ಲಿ ಒಂದಕ್ಕಿಂತ ಹೆಚ್ಚು ದಾರಿ ಇರುತ್ತದೆ. ಬಯಾಸಿನ ಎಸಿಪಿಐ (ಪವರ್, ಯಂತ್ರಭಾಗಗಳ ಹತೋಟಿಯ ವ್ಯವಸ್ಥೆ) ಮೂಲಕ ಒಂದು, ಗ್ರಾಫಿಕ್ಸ್ ಚಿಪ್ ಮೂಲಕ ನೇರ ಇನ್ನೊಂದು, ಕೆಲವು ಕಂಪನಿಗಳ ಸ್ವಂತದ್ದು ಮತ್ತೊಂದು. ಮೊದಲೆಲ್ಲ ಲಿನಕ್ಸ್ ಇರುವಷ್ಟನ್ನೂ ತೋರಿಸುತ್ತಿತ್ತು. ಕರ್ನಲ್ 6.1ರಿಂದ ಒಂದನ್ನೇ ಆರಿಸಿ ಇಟ್ಟುಕೊಳ್ಳುತ್ತದೆ. ಆರಿಸಿದ್ದು ಸರಿಯಿದ್ದರೆ ಆರಾಮ, ತಪ್ಪಿದರೆ ಹೀಗೆ ಕತ್ತಲೆ.

ಏನನ್ನು ಆರಿಸಿದೆ ಅಂತ ನೋಡಬೇಕಿತ್ತು. ಟಾರ್ಚ್ ಹಿಡಿದು ಟರ್ಮಿನಲ್ ಓದೋಕಾಗಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ ಹಾಲ್‌ನಲ್ಲಿದ್ದ ಟಿವಿಗೆ ಸಿಗಿಸಿದೆ. ಧಾರಾವಾಹಿ ನೋಡ್ತಿದ್ದ ನಮ್ಮಮ್ಮನಿಂದ ಬೈಸಿಕೊಂಡಿದ್ದೂ ಆಯಿತು. ಟಿವಿಯಲ್ಲಿ ಡೆಸ್ಕ್‌ಟಾಪ್ ನಿಚ್ಚಳವಾಗಿ ಬಂತು. /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಫೋಲ್ಡರ್ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ‘ಎಸಿಪಿಐ_ವೀಡಿಯೋ0’ ಒಂದೇ. ಅದರ ಬ್ರೈಟ್‌ನೆಸ್ ಫೈಲಿಗೆ ಏನು ನಂಬರ್ ಬರೆದರೂ ಲ್ಯಾಪ್‌ಟಾಪ್ ಸ್ಕ್ರೀನ್ ಕದಲಲಿಲ್ಲ.

ಇನ್ನು ಔಷಧಿ ಸುಲಭ. ರೀಬೂಟ್ ಮಾಡಿ, ಮಿಂಟ್ ಮೆನುವಿನಲ್ಲಿ ಮೊದಲ ಆಯ್ಕೆಯ ಮೇಲೆ ನಿಂತು ‘ಇ’ ಕೀ ಒತ್ತಿದೆ. ‘ಲಿನಕ್ಸ್’ ಅಂತ ಶುರುವಾಗೋ ಸಾಲಿನಲ್ಲಿ ‘ಕ್ವಯಟ್ ಸ್ಪ್ಲಾಶ್’ ಅಂತ ಇರುತ್ತದೆ. ಅದರ ಹಿಂದೆ ‘ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್’ ಸೇರಿಸಿ ಎಫ್10 ಒತ್ತಿದೆ. ಸ್ಕ್ರೀನ್ ಬೆಳಗಿತು. ಈಗ ಅದೇ ಫೋಲ್ಡರಿನಲ್ಲಿ ‘ಇಂಟೆಲ್_ಬ್ಯಾಕ್‌ಲೈಟ್’ ಬಂದು ಕೂತಿದೆ, ಅದರ ಗರಿಷ್ಠ ಮಟ್ಟ 937. ಎಫ್‌ಎನ್ ಕೀ ಹಿಡಿದು ಬಾಣದ ಗುರುತು ಒತ್ತಿದರೆ ಬೆಳಕು ನಯವಾಗಿ ಏರಿ ಇಳಿಯುತ್ತದೆ.

ಹೀಗೆ ಬೂಟ್ ಮಾಡಿಯೇ ಇನ್‌ಸ್ಟಾಲ್ ಮುಗಿಸಿದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ, ಭಾಷೆ, ಟೈಮ್‌ಜೋನ್, ಪಾಸ್‌ವರ್ಡ್ ಅಷ್ಟೇ. ಗ್ರಬ್‌ನಲ್ಲಿ (ಬೂಟ್ ಮೆನು ತೋರಿಸೋ ಪ್ರೋಗ್ರಾಮಿನಲ್ಲಿ) ಕೈಯಾರೆ ಸೇರಿಸಿದ್ದು ಆ ಒಂದು ಬೂಟಿಗೆ ಮಾತ್ರ. ಹಾಗಾಗಿ ಇನ್‌ಸ್ಟಾಲ್ ಆದಮೇಲೆ ಮೊದಲ ಸಲವೂ ಅದನ್ನೇ ಹೊಡೆದು ಒಳಗೆ ಹೋಗಿ, /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನ ‘ಕ್ವಯಟ್ ಸ್ಪ್ಲಾಶ್’ ಸಾಲಿಗೆ ಸೇರಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಿದೆ.

ವೈಫೈ ಎಲ್ಲಿ?

ಪ್ಯಾನಲ್ಲಿನ ನೆಟ್‌ವರ್ಕ್ ಐಕಾನ್ ಒತ್ತಿದರೆ ವೈಫೈ ಪಟ್ಟಿಯೇ ಇಲ್ಲ. ಆಫ್ ಆಗಿದೆ ಅಂತಲೂ ಇಲ್ಲ, ಅಂಥದ್ದೊಂದು ಇದೆ ಅನ್ನೋ ಸುಳಿವೇ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹಾಕಿ ಹುಡುಕುತ್ತಾರೆ. ಅದು ರೋಗಿಯ ಊರು ಹೇಳಿ ಮಾತ್ರೆ ಕೇಳಿದ ಹಾಗೆ. ಒಂದೇ ಮಾಡೆಲ್ ಹೆಸರಿನಲ್ಲಿ ಒಂದು ಬ್ಯಾಚಿಗೆ ರಿಯಲ್‌ಟೆಕ್ ಕಾರ್ಡು, ಇನ್ನೊಂದಕ್ಕೆ ಬ್ರಾಡ್‌ಕಾಮ್, ಮತ್ತೊಂದಕ್ಕೆ ಅಥೆರೋಸ್ ಹಾಕಿ ಮಾರಿರುತ್ತಾರೆ. ಯಾರೋ ತಮ್ಮ ಕಾರ್ಡಿಗೆ ಬರೆದ ಔಷಧಿಯನ್ನು ನೀವು ನಿಮ್ಮ ಕಾರ್ಡಿಗೆ ಕುಡಿಸಿ, ಇದ್ದದ್ದನ್ನೂ ಕೆಡಿಸಿಕೊಳ್ಳುತ್ತೀರಿ. ಕೇಳಬೇಕಾದ್ದು ಚಿಪ್ಪಿನ ನಂಬರನ್ನು. ಈ ಬರಹದಲ್ಲಿ ಲ್ಯಾಪ್‌ಟಾಪ್ ಕಂಪನಿಯ ಹೆಸರು ಹೇಳದೆ ಇರೋದಕ್ಕೆ ಇದೂ ಒಂದು ಕಾರಣ.

ಟರ್ಮಿನಲ್ ತೆಗೆದು ಎಲ್-ಎಸ್-ಪಿ-ಸಿ-ಐ, ಒಂದು ಸ್ಪೇಸ್, ಹೈಫನ್, ಎನ್-ಎನ್-ಕೆ. ಉದ್ದನೆ ಪಟ್ಟಿ ಬರುತ್ತದೆ. ನೆಟ್‌ವರ್ಕ್ ಅಂತ ಇರೋ ಸಾಲುಗಳನ್ನು ಹುಡುಕಿದೆ. ಕೇಬಲ್ ಪೋರ್ಟಿನದು 10ಇಸಿ:8136, ರಿಯಲ್‌ಟೆಕ್, ಡ್ರೈವರ್ ಆರ್8169. ಅದು ಸಲೀಸಾಗಿ ಓಡುತ್ತಿದೆ. ವೈಫೈಯದು ಹೀಗಿತ್ತು:

ನೆಟ್‌ವರ್ಕ್ ಕಂಟ್ರೋಲರ್: ಬ್ರಾಡ್‌ಕಾಮ್ ಬಿಸಿಎಂ43142 802.11ಬಿ/ಜಿ/ಎನ್ [14ಇ4:4365] (ರೆವ್ 01)
ಕರ್ನಲ್ ಡ್ರೈವರ್ ಇನ್ ಯೂಸ್: ಬಿಸಿಎಂಎ-ಪಿಸಿಐ-ಬ್ರಿಡ್ಜ್
ಕರ್ನಲ್ ಮಾಡ್ಯೂಲ್ಸ್: ಬಿಸಿಎಂಎ

ಚೌಕ ಕಂಸದೊಳಗಿನದೇ ನಮಗೆ ಬೇಕಾದ್ದು. ಕೋಲನ್‌ಗಿಂತ ಮೊದಲಿನ 14ಇ4 ತಯಾರಕರ ಗುರುತು, ನಂತರದ 4365 ಆ ಚಿಪ್ಪಿನ ಗುರುತು. ಇಂಟೆಲ್‌ದು 8086, ಎನ್‌ವಿಡಿಯಾದ್ದು 10ಡಿಇ, ಎಎಂಡಿ ಗ್ರಾಫಿಕ್ಸ್‌ನದು 1002. ಇವು ನಾಲ್ಕೈದು ಬಾಯಿಗೆ ಬಂದರೆ ಅರ್ಧ ಕೆಲಸ ಸಲೀಸು.

ಎರಡನೇ ಸಾಲು ನೋಡಿ. ‘ಡ್ರೈವರ್ ಇನ್ ಯೂಸ್’ ಅಂತ ಏನೋ ಇದೆ, ಹಾಗಾದರೆ ಡ್ರೈವರ್ ಇದೆ ಅಂತ ಅನ್ನಿಸುತ್ತದೆ. ಬಿಸಿಎಂಎ ಅನ್ನೋದು ಚಿಪ್ಪಿನೊಳಗಿನ ಬಸ್ಸಿಗೆ ಬಾಗಿಲು ತೆಗೆಯೋ ಕೋಡು ಮಾತ್ರ. ರೇಡಿಯೋ ಓಡಿಸೋಕೆ ಅದರ ಮೇಲೆ ಬಿ43 ಅಥವಾ ಬಿಆರ್‌ಸಿಎಂಎಸ್‌ಮ್ಯಾಕ್ ಬಂದು ಕೂರಬೇಕು. ಆ ಎರಡೂ 43142ನ್ನು ಓಡಿಸಲ್ಲ. ಇದಕ್ಕೆ ಇರೋದು ‘ಡಬ್ಲ್ಯೂಎಲ್’ ಅನ್ನೋ ಡ್ರೈವರು. ಅದರ ಒಳತಿರುಳು ಮುಚ್ಚಿದ ಬೈನರಿ, ಹೊರಗಿನ ಸಿಪ್ಪೆ ಮಾತ್ರ ಸೋರ್ಸ್ ಕೋಡು. ಹಾಗಾಗಿ ಅದು ಕರ್ನಲ್ ಜೊತೆ ಬರೋದಿಲ್ಲ. ಆ ಸಿಪ್ಪೆಯನ್ನು ನಿಮ್ಮ ಕರ್ನಲ್‌ಗೆ ತಕ್ಕಂತೆ ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು, ಅಂದರೆ ಓಡುವ ರೂಪಕ್ಕೆ ತರಬೇಕು. ಆ ಕೆಲಸವನ್ನು ಡಿಕೆಎಂಎಸ್ ಅನ್ನೋ ವ್ಯವಸ್ಥೆ ತಾನೇ ಮಾಡುತ್ತದೆ.

ಡ್ರೈವರ್ ಇಳಿಸೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಸಿಗಿಸಿ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಆಯಿತು. ಲಿನಕ್ಸ್‌ಗೆ ಅದು ಕೇಬಲ್ ನೆಟ್‌ವರ್ಕಿನ ಹಾಗೆ ಕಾಣುತ್ತದೆ, ಯಾವ ಹೊಸ ಡ್ರೈವರೂ ಬೇಡ. ಸಾಮಾನ್ಯವಾಗಿ ಮೊಬೈಲು ಮನೆಯ ವೈಫೈಯಲ್ಲಿದ್ದರೆ ಅದನ್ನೇ ದಾಟಿಸುತ್ತದೆ, ಡೇಟಾ ಖರ್ಚಾಗಲ್ಲ. ಯಾರಿಗಾದರೂ ಲಿನಕ್ಸ್ ಹಾಕಿಕೊಡೋಕೆ ಹೋಗುವಾಗ ಪೆನ್‌ಡ್ರೈವ್ ಜೊತೆ ಡೇಟಾ ಹೋಗುವಂಥ ಒಂದು ಕೇಬಲ್ ಕೂಡ ಜೇಬಲ್ಲಿರಲಿ. ಬರೀ ಚಾರ್ಜ್ ಆಗೋ ಕೇಬಲ್ಲುಗಳೂ ಇರುತ್ತವೆ, ಹುಷಾರು.

ಮಿಂಟಿನ ಡ್ರೈವರ್ ಮ್ಯಾನೇಜರ್ ತೆಗೆದರೆ ‘ಬಿಸಿಎಂಡಬ್ಲ್ಯೂಎಲ್-ಕರ್ನಲ್-ಸೋರ್ಸ್’ ತೋರಿಸಿತು. ಆರಿಸಿ ಇನ್‌ಸ್ಟಾಲ್ ಕೊಟ್ಟೆ. ಅಡ್ಡ ಬರುವ ಬಿಸಿಎಂಎ, ಬಿ43 ಮಾಡ್ಯೂಲುಗಳನ್ನು (ಕರ್ನಲ್‌ಗೆ ಸೇರುವ ಡ್ರೈವರ್ ತುಂಡುಗಳನ್ನು) ಲೋಡ್ ಆಗದಂತೆ ಆ ಪ್ಯಾಕೇಜೇ ಬ್ಲ್ಯಾಕ್‌ಲಿಸ್ಟ್ ಮಾಡುತ್ತದೆ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟು ರೀಬೂಟ್ ಮಾಡಿದೆ.

ನೀಲಿ ಪರದೆ

ರೀಬೂಟ್ ಆಗೋ ಹೊತ್ತಿಗೆ ಟೀ ಬಂತು. ಕೀಬೋರ್ಡ್ ಪಕ್ಕ ನಮ್ಮ ಹುಡುಗಿ ಇದ್ದಳು.

“ಮಾಮಾ, ನೀಲಿ ಕಲರಲ್ಲಿ ಏನೋ ಬಂತು, ಹತ್ತರಿಂದ ಎಣಿಸ್ತಾ ಇತ್ತು, ಹೋಯ್ತು.”

ಸರಿ, ಅದೇ ಆಗಬೇಕಾಗಿದ್ದ ಕೆಲಸ. ಒಳಗೆ ಹೋಗಿ ಡ್ರೈವರ್ ಲೋಡ್ ಮಾಡೋಕೆ ‘ಸುಡೊ ಮಾಡ್‌ಪ್ರೋಬ್ ಡಬ್ಲ್ಯೂಎಲ್’ ಹೊಡೆದರೆ ಉತ್ತರ: ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’. ಡ್ರೈವರ್ ಇದೆ, ಕಂಪೈಲ್ ಆಗಿದೆ, ಕರ್ನಲ್ ಒಳಗೆ ಬಿಡುತ್ತಿಲ್ಲ.

ಕಾರಣ ಸೆಕ್ಯೂರ್ ಬೂಟ್. ಅದು ಆನ್ ಇದ್ದಾಗ, ತನಗೆ ಗೊತ್ತಿರೋ ಕೀಯಿಂದ ಸಹಿ ಆದ ಮಾಡ್ಯೂಲನ್ನು ಮಾತ್ರ ಕರ್ನಲ್ ಒಳಗೆ ಸೇರಿಸುತ್ತದೆ. ನಿಮ್ಮ ಯಂತ್ರದಲ್ಲಿ ಕಂಪೈಲ್ ಆದ ಡ್ರೈವರಿಗೆ ನಿಮ್ಮ ಯಂತ್ರದಲ್ಲೇ ಹುಟ್ಟಿದ ಕೀಯಿಂದ ಸಹಿ ಬೀಳುತ್ತದೆ. ಆ ಕೀಯನ್ನು ನಂಬಬಹುದು ಅಂತ, ಯಂತ್ರದ ಮುಂದೆ ಕೂತ ಮನುಷ್ಯ ಬೂಟ್ ಸಮಯದಲ್ಲಿ ಕೈಯಾರೆ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಕೇಳೋದೇ ನೀಲಿ ಪರದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತದಿದ್ದರೆ ‘ಬೇಡ’ ಅಂತ ತಿಳಿದು ಮುಂದೆ ಹೋಗಿಬಿಡುತ್ತದೆ. ಮತ್ತೆ ತಾನಾಗಿ ಕೇಳಲ್ಲ.

ಈ ಕೀಗೆ ಎಂಒಕೆ (ಮೆಷಿನ್ ಓನರ್ ಕೀ) ಅಂತ ಹೆಸರು. ಮತ್ತೆ ಕೇಳುವಂತೆ ಮಾಡೋಕೆ: ‘ಸುಡೊ ಎಂಒಕೆಯುಟಿಲ್ --ಇಂಪೋರ್ಟ್’, ಸ್ಪೇಸ್ ಬಿಟ್ಟು ಕೀ ಫೈಲಿನ ದಾರಿ. ಉಬುಂಟು, ಮಿಂಟ್‌ನಲ್ಲಿ ಅದು /ವಾರ್/ಲಿಬ್/ಶಿಮ್-ಸೈನ್ಡ್/ಎಂಒಕೆ/ ಫೋಲ್ಡರಿನಲ್ಲಿ ‘ಎಂಒಕೆ.ಡಿಇಆರ್’ ಅನ್ನೋ ಹೆಸರಲ್ಲಿದೆ. ಫೈಲ್ ಹೆಸರಿನಲ್ಲಿ ಎಂಒಕೆ ದೊಡ್ಡ ಅಕ್ಷರ, ಡಿಇಆರ್ ಸಣ್ಣದು. ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಆಗಬೇಕಿಲ್ಲ, ಒಂದೇ ಸಲದ ಬಳಕೆಗೆ. ಸುಮ್ನೆ ಎಂಟು ಅಂಕಿ ಕೊಡಿ. ಚಿಹ್ನೆಗಿಹ್ನೆ ಬೇಡ, ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟಿನಲ್ಲಿರುತ್ತದೆ, ಹೊಡೆದದ್ದು ಕಾಣಿಸುವುದೂ ಇಲ್ಲ.

ರೀಬೂಟ್. ಈ ಸಲ ಇಬ್ಬರೂ ಸ್ಕ್ರೀನ್ ಬಿಟ್ಟು ಕದಲಲಿಲ್ಲ. ನೀಲಿ ಪರದೆ ಬಂದ ಕೂಡಲೇ ಒಂದು ಕೀ, ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ‘ರೀಬೂಟ್’. ಒಳಗೆ ಹೋದಾಗ ಬೀದಿಯಲ್ಲಿರೋ ಎಲ್ಲರ ವೈಫೈ ಹೆಸರೂ ಪಟ್ಟಿಯಲ್ಲಿತ್ತು.

ಸೆಕ್ಯೂರ್ ಬೂಟನ್ನೇ ಬಯಾಸಿನಲ್ಲಿ ಆಫ್ ಮಾಡಿದರೆ ಈ ತಾಪತ್ರಯವೇ ಇಲ್ಲ ಅಂತ ಹಲವರು ಹೇಳುತ್ತಾರೆ. ಇಲ್ಲ, ನಿಜ. ಆದರೆ ಒಂದು ಸಲ ಎಂಟು ಅಂಕಿ ಹೊಡೆಯೋ ಸೋಮಾರಿತನಕ್ಕೆ ಒಂದು ಕಾವಲನ್ನು ತೆಗೆಯೋದು ನನಗೆ ಸರಿ ಕಾಣಲ್ಲ. ಕೀ ಒಮ್ಮೆ ಸೇರಿದರೆ ಮುಂದೆ ಡಿಕೆಎಂಎಸ್ ಕಟ್ಟುವ ಎಲ್ಲ ಮಾಡ್ಯೂಲಿಗೂ ಅದೇ ನಡೆಯುತ್ತದೆ.

ಈ ಚಿಪ್ಪಿನಿಂದ ಜಾಸ್ತಿ ನಿರೀಕ್ಷೆ ಬೇಡ. ಒಂದೇ ಆಂಟೆನಾದ, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಕಾರ್ಡು. ರೌಟರಿನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಬರಲಿಲ್ಲ ಅಂದರೆ ಡ್ರೈವರ್ ಕೆಟ್ಟಿಲ್ಲ, ಕಾರ್ಡಿಗೆ ಆ ಕಿವಿಯೇ ಇಲ್ಲ. ರೌಟರ್ ಬರೀ ಡಬ್ಲ್ಯೂಪಿಎ3 ಅನ್ನೋ ಹೊಸ ಭದ್ರತಾ ಕ್ರಮದಲ್ಲಿದ್ದರೆ ಪಾಸ್‌ವರ್ಡ್ ಸರಿ ಕೊಟ್ಟರೂ ಸೇರಲ್ಲ, ಡಬ್ಲ್ಯೂಪಿಎ2ಕ್ಕೂ ಅವಕಾಶ ಬಿಡಬೇಕು. ಇದಕ್ಕಿಂತ ಒಳ್ಳೆಯದು ಬೇಕು ಅನ್ನೋರು ಕರ್ನಲ್‌ನಲ್ಲೇ ಡ್ರೈವರ್ ಇರುವ ಬೇರೆ ಕಾರ್ಡ್ ಹಾಕಿಸಬಹುದು. ಕೆಲವು ಲ್ಯಾಪ್‌ಟಾಪುಗಳ ಬಯಾಸು ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪಲ್ಲ, ಕೊಳ್ಳುವ ಮೊದಲು ವಿಚಾರಿಸಿ. ನೋಟ್ಸ್ ಇಳಿಸಿಕೊಳ್ಳೋಕೆ, ಪಾಠದ ವೀಡಿಯೋ ನೋಡೋಕೆ ಇದೇ ಸಾಕು ಅಂತ ನಾನು ಬಿಟ್ಟೆ.

ಬ್ಲೂಟೂತ್: ಡ್ರೈವರ್ ಇದೆ, ಫರ್ಮ್‌ವೇರ್ ಇಲ್ಲ

ಅದೇ ಕಾರ್ಡಿನ ಮೇಲೆ ಬ್ಲೂಟೂತೂ ಇದೆ. ಆದರೆ ಅದು ಒಳಗೊಳಗೇ ಯುಎಸ್‌ಬಿಗೆ ಸಿಕ್ಕಿರುತ್ತದೆ, ಹಾಗಾಗಿ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಬರಲ್ಲ, ಎಲ್‌ಎಸ್‌ಯುಎಸ್‌ಬಿಯಲ್ಲಿ ಬರುತ್ತದೆ. ನಂಬರ್ 0ಎ5ಸಿ:216ಡಿ. ಐಕಾನ್ ಇದೆ, ಆನ್ ಆಗುತ್ತದೆ, ಹುಡುಕುತ್ತದೆ, ಇಯರ್‌ಫೋನ್ ಮಾತ್ರ ಜೋಡಿಯಾಗಲ್ಲ.

ಕರ್ನಲ್ ಏನು ಹೇಳುತ್ತಿದೆ ಅಂತ ಕೇಳೋದೇ ಒಳ್ಳೆಯದು. ‘ಸುಡೊ’ ಹಾಕಿ ಡಿ-ಎಂ-ಇ-ಎಸ್-ಜಿ ಹೊಡೆದು ಬ್ಲೂಟೂತ್ ಸಾಲುಗಳನ್ನು ನೋಡಿದೆ. ಪ್ಯಾಚ್ ಫೈಲ್ ಸಿಗಲಿಲ್ಲ, ಹುಡುಕಿದ್ದು ಇದನ್ನು ಅಂತ ಹೆಸರನ್ನೂ ಬರೆದಿತ್ತು: ಬಿಆರ್‌ಸಿಎಂ ಫೋಲ್ಡರಿನ ‘ಬಿಸಿಎಂ43142ಎ0-0ಎ5ಸಿ-216ಡಿ.ಎಚ್‌ಸಿಡಿ’. ಚಿಪ್ಪಿನ ನಂಬರೇ ಫೈಲಿನ ಹೆಸರಲ್ಲಿದೆ.

ಡ್ರೈವರ್, ಫರ್ಮ್‌ವೇರ್ ಎರಡನ್ನೂ ಒಂದೇ ಅಂದುಕೊಂಡು ಒದ್ದಾಡೋರು ಬಹಳ. ಡ್ರೈವರ್ ಓಡೋದು ನಿಮ್ಮ ಸಿಪಿಯುನಲ್ಲಿ. ಫರ್ಮ್‌ವೇರ್ ಓಡೋದು ಆ ಪುಟ್ಟ ಚಿಪ್ಪಿನೊಳಗೆ. ಡ್ರೈವರಿನ ಕೆಲಸದಲ್ಲಿ ಒಂದು ಭಾಗವೇ ಫರ್ಮ್‌ವೇರ್ ಫೈಲನ್ನು ಒಯ್ದು ಚಿಪ್ಪಿಗೆ ಸುರಿಯೋದು. ಈ ಫೈಲುಗಳಿಗೆ ಹೆಚ್ಚಾಗಿ ಸೋರ್ಸ್ ಕೋಡ್ ಇರಲ್ಲ. ಡೆಬಿಯನ್ ಅನ್ನೋ ಲಿನಕ್ಸಿನವರು ಅದೇ ಕಾರಣಕ್ಕೆ ವರ್ಷಗಟ್ಟಲೆ ಇವನ್ನು ತಮ್ಮ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿದ್ದರು. 2022ರಲ್ಲಿ ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅವು ಜೊತೆಗೇ ಬರುತ್ತವೆ. ತತ್ವ ಏನೇ ಇರಲಿ, ನನ್ನಂಥವರ ಎಷ್ಟೋ ಭಾನುವಾರಗಳು ಉಳಿದವು.

ನನಗೆ ಬೇಕಾದ ಫೈಲು ಮಾತ್ರ ಮಿಂಟ್ ಜೊತೆ ಬಂದಿರಲಿಲ್ಲ. ತೆಗೆದಿಟ್ಟ ಹಳೆ ಹಾರ್ಡ್‌ಡಿಸ್ಕ್ ಈಗ ಬೇಕಾಯಿತು. ಸಾಟಾದಿಂದ ಯುಎಸ್‌ಬಿಗೆ ಬದಲಿಸೋ ಕೇಬಲ್ ಹಾಕಿ ಸಿಗಿಸಿದೆ. ವಿಂಡೋಸ್ ಫೋಲ್ಡರಿನ ಸಿಸ್ಟಂ32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ. ವಿಂಡೋಸ್‌ಗೆ ಹಾಕಿದ ಡ್ರೈವರ್ ಪ್ಯಾಕೇಜುಗಳೆಲ್ಲ ಇಲ್ಲಿ ಪೂರ್ತಿಯಾಗಿ ಉಳಿದಿರುತ್ತವೆ. ಬ್ರಾಡ್‌ಕಾಮ್ ಬ್ಲೂಟೂತ್ ಫೋಲ್ಡರಿನಲ್ಲಿ ಹೆಕ್ಸ್ ಫೈಲುಗಳ ಸಂತೆಯೇ ಇತ್ತು. ಯಾವುದು ನಮ್ಮದು? ಜೊತೆಗಿರೋ ಐಎನ್‌ಎಫ್ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆಗೆದು 216ಡಿ ಅಂತ ಹುಡುಕಿದೆ. ‘ರಾಮ್‌ಯುಎಸ್‌ಬಿ216ಡಿ’ ಅನ್ನೋ ತಲೆಬರಹದ ಕೆಳಗೆ ಒಂದು ಹೆಕ್ಸ್ ಫೈಲಿನ ಹೆಸರು. ಅದೇ.

ಲಿನಕ್ಸ್‌ಗೆ ಬೇಕಿರೋದು ಎಚ್‌ಸಿಡಿ ರೂಪ. ‘ಹೆಕ್ಸ್2ಎಚ್‌ಸಿಡಿ’ ಅನ್ನೋ ಪುಟ್ಟ ಕಮಾಂಡು ಬದಲಿಸಿಕೊಡುತ್ತದೆ, ಲಿನಕ್ಸಿನ ಬ್ಲೂಟೂತ್ ಪ್ಯಾಕೇಜಾದ ಬ್ಲೂಜ್ ಜೊತೆಯಲ್ಲೇ ಬರುತ್ತದೆ. ಬಂದ ಫೈಲಿಗೆ ಕರ್ನಲ್ ಕೇಳಿದ ಹೆಸರನ್ನೇ, ಒಂದಕ್ಷರವೂ ಆಚೀಚೆ ಆಗದಂತೆ ಕೊಟ್ಟು /ಲಿಬ್/ಫರ್ಮ್‌ವೇರ್/ಬಿಆರ್‌ಸಿಎಂ ಫೋಲ್ಡರಿಗೆ ಹಾಕಿದೆ. ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದೆ. ಬರೀ ರೀಸ್ಟಾರ್ಟ್ ಮಾಡಿದರೆ ಚಿಪ್ಪಿನ ಪವರ್ ಹೋಗದೆ ಹಳೆ ಸ್ಥಿತಿಯಲ್ಲೇ ಇರಬಹುದು. ಇಯರ್‌ಫೋನ್ ಜೋಡಿಯಾಯಿತು.

ಉಳಿದದ್ದು

ಸ್ಪೀಕರಿನಲ್ಲಿ ಸದ್ದು ಬರುತ್ತಿಲ್ಲ ಅಂತ ಒಂದು ದೂರು ಬಂತು. ಅದು ಡ್ರೈವರಿನ ಮಾತೇ ಅಲ್ಲ. ಟಿವಿಗೆ ಸಿಗಿಸಿದ್ದಾಗ ಔಟ್‌ಪುಟ್ ಎಚ್‌ಡಿಎಂಐಗೆ ಹೋಗಿ ಅಲ್ಲೇ ಕೂತಿತ್ತು, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ವಾಪಸ್ ತಂದೆ. ಟಚ್‌ಪ್ಯಾಡು, ವೆಬ್‌ಕ್ಯಾಮು, ಕಾರ್ಡ್ ರೀಡರು ಏನೂ ತಕರಾರು ಮಾಡಲಿಲ್ಲ. ಕನ್ನಡ ಟೈಪಿಂಗಿಗೆ ಐಬಸ್, ಎಂ17ಎನ್ ಪ್ಯಾಕೇಜುಗಳನ್ನು ಹಾಕಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಲೇಔಟ್ ಆರಿಸಿದೆ, ನುಡಿಯಲ್ಲಿ ಕೈ ಕೂತವರಿಗೆ ಅದೇ ಹದ. ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜಾಗಿಯೇ ಸಿಗುತ್ತವೆ.

ಡ್ರೈವರ್ ಗೋಳು ಲಿನಕ್ಸಿಗೆ ಮಾತ್ರ ಅಂತ ಯಾರಾದರೂ ಹೇಳಿದರೆ, ಇಂಟೆಲ್ 11ನೇ ತಲೆಮಾರಿನ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಿ ನೋಡೋಕೆ ಹೇಳಿ. ಬಯಾಸಿನಲ್ಲಿ ವಿಎಂಡಿ (ಇಂಟೆಲ್‌ನ ಎಸ್‌ಎಸ್‌ಡಿ ನಿರ್ವಹಣೆಯ ವ್ಯವಸ್ಥೆ) ಆನ್ ಇದ್ದರೆ ಎಸ್‌ಎಸ್‌ಡಿಯೇ ಕಾಣಿಸದೆ ಇರುವುದು ಸಾಮಾನ್ಯ. ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಡಿಸಿ ಪೆನ್‌ಡ್ರೈವಿನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿ ತೋರಿಸಬೇಕು. ಡಿಸ್ಕ್ ಸತ್ತಿದೆ ಅಂತ ಹೊಸ ಎಸ್‌ಎಸ್‌ಡಿ ಕೊಳ್ಳೋಕೆ ಹೊರಟವರನ್ನು ನೋಡಿದ್ದೇನೆ.

ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಹುಡುಗಿಗೆ ಒಂದೇ ವಿಷಯ ಹೇಳಿಕೊಟ್ಟೆ. ವೈಫೈ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಂಪೈಲ್ ಆಗಬೇಕು. ಸಾಮಾನ್ಯವಾಗಿ ತಾನೇ ಆಗುತ್ತದೆ. ಕರ್ನಲ್ ಒಳಗೆ ಏನಾದರೂ ಬದಲಾಗಿ ಈ ಹಳೆ ಕೋಡು ಹೊಂದದಿದ್ದರೆ ಅಪ್‌ಡೇಟ್ ಆದ ಮರುದಿನ ವೈಫೈ ಇರಲ್ಲ. ಆಗ ಗಾಬರಿ ಬೇಡ: ಆನ್ ಮಾಡುವಾಗ ಎಸ್ಕೇಪ್ ಒತ್ತಿ ಗ್ರಬ್ ಮೆನು ತಂದು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿದರೆ ವೈಫೈ ಬರುತ್ತದೆ. ಹಳೆ ಕರ್ನಲ್ ಯಾವುದನ್ನೂ ಅಳಿಸಬೇಡ, ‘ಡಿಕೆಎಂಎಸ್ ಸ್ಟೇಟಸ್’ ಹೊಡೆದು ಬಂದದ್ದನ್ನು ಫೋಟೋ ತೆಗೆದು ನನಗೆ ಕಳಿಸು ಅಂದೆ. “ಆಯ್ತು ಮಾಮಾ” ಅಂತ ಹೊರಟವಳು ಬಾಗಿಲಲ್ಲಿ ನಿಂತು, ಪ್ರಿಂಟರ್ ಒಂದು ಇದೆ, ಅದಕ್ಕೂ ನಂಬರ್ ಇರುತ್ತಾ ಅಂತ ಕೇಳಿದಳು.